ಡೋರ್ ಲಾಕ್ ಅಂತೆ!

ನಮ್ಮ ಕೇರಿಯ ಕರೆಂಟ್ ಬಿಲ್ಲುಗಳಲ್ಲಿ ಮೂರು ತಿಂಗಳು 'ಡೋರ್ ಲಾಕ್' ಅಂತ ಬರೆದು ಅಂದಾಜು ಲೆಕ್ಕ ಹಾಕಿದ್ರು. ಅವ್ವ ದಿನವಿಡೀ ಹೊಸ್ತಿಲಲ್ಲೇ ಕೂತು ಬೀಡಿ ಕಟ್ತಾಳೆ! ಕೇರಿಯೊಳಕ್ಕೆ ಯಾರೂ ಬಂದೇ ಇಲ್ಲ. ನಾಲ್ಕನೇ ತಿಂಗಳು ಉಳಿದ ಯೂನಿಟ್ಟೆಲ್ಲ ಒಂದೇ ಬಿಲ್ಲಿಗೆ ಸುರಿದ್ರು. 200 ದಾಟ್ತು, ಗೃಹಜ್ಯೋತಿ ಹೋಯ್ತು. ಕಟ್ಟದಿದ್ರೆ ಫ್ಯೂಸ್ ಕೀಳ್ತೀವಿ ಅಂದ್ರು.

ಸಂಗಾತಿಗಳೇ, 2003ರ ವಿದ್ಯುತ್ ಕಾಯ್ದೆಯ 56ನೇ ಸೆಕ್ಷನ್ ನೆನಪಿಡಿ. ಬಾಕಿಗಾಗಿ ಕರೆಂಟ್ ತೆಗೆಯಬೇಕಾದ್ರೆ 15 ದಿನದ ಲಿಖಿತ ನೋಟಿಸ್ ಕೊಡಲೇಬೇಕು. ತಕರಾರಿದ್ರೆ ಕೇಳಿದ ಮೊತ್ತ ಅಥವಾ ಹಿಂದಿನ 6 ತಿಂಗಳು ಕಟ್ಟಿದ್ದರ ಸರಾಸರಿ, ಯಾವುದು ಕಡಿಮೆಯೋ ಅದನ್ನು 'ಆಕ್ಷೇಪಣೆಯೊಂದಿಗೆ' ಅಂತ ಬರೆದುಕೊಟ್ಟು ಕಟ್ಟಿ. ಇತ್ಯರ್ಥ ಆಗೋವರೆಗೂ ತೆಗೆಯುವಂತಿಲ್ಲ.

ಮೀಟರ್ ಫೋಟೊ, ಸೀಲು ಬಿದ್ದ ಅರ್ಜಿ ಜೋಪಾನ ಮಾಡಿ. ಒಬ್ಬೊಬ್ಬರೇ ಹೋಗಬೇಡಿ, ಇಡೀ ಕೇರಿ ಹೋಗಿ. ನಮ್ಮ ಬಾಗಿಲಿಗೆ ಬಂದು ಮೀಟರ್ ನೋಡೋದು ಅವರ ಡ್ಯೂಟಿ.

ಜೈಭೀಮ್.