ಮುಳುಗಿದಾಗ ಕಾಣುವ ಆಕಾಶ

ನಂಜನಗೂಡಿನ ಕಪಿಲೆಯಲ್ಲಿ ಈಜು ಕಲಿತವರಿಗೆ ಮುಳುಗು ಹಾಕುವುದೆಂದರೆ ಪಂಚಪ್ರಾಣ. ಬೇಸಿಗೆಯಲ್ಲಿ ನೀರು ತಿಳಿಯಾದ ಮೇಲೆ, ಆಳ ಸೆಳೆತ ಎರಡೂ ಗೊತ್ತಿರುವ ಜಾಗದಲ್ಲಿ ಉಸಿರು ಬಿಗಿಹಿಡಿದು ಮುಳುಗಿ, ಮೊಗ ಮೇಲೆತ್ತಿ ಕಣ್ಣು ಬಿಡಬೇಕು. ನೆತ್ತಿಯ ಮೇಲೆ ಬೆಳಕಿನದೊಂದು ದುಂಡು ತಟ್ಟೆ! ಆಕಾಶ, ಎರಡೂ ದಡ, ಸ್ನಾನಘಟ್ಟದ ಮೆಟ್ಟಿಲು, ಹದಿನಾರು ಕಾಲು ಮಂಟಪ ಎಲ್ಲಕ್ಕೂ ಅದರೊಳಗೇ ಜಾಗ.

ಇದು ವಕ್ರೀಭವನದ ಕೈಚಳಕ. ನೀರಿನ ಮೈ ಸವರಿಕೊಂಡು ಬಂದ ಕಿರಣ ಕೂಡ ಒಳಹೊಕ್ಕ ಮೇಲೆ ಲಂಬದಿಂದ 48.6 ಡಿಗ್ರಿಗಿಂತ ಹೆಚ್ಚು ಓರೆಯಾಗಿ ಸಾಗಲಾರದು. ಹಾಗಾಗಿ 180 ಡಿಗ್ರಿಯ ಬಯಲು ಸುಮಾರು 97 ಡಿಗ್ರಿಗೆ ಮುದುಡುತ್ತದೆ. ಮುದುಡುವುದೂ ಸಮನಾಗಿ ಅಲ್ಲ. ನೇರ ನೆತ್ತಿಯ ಮೇಲೆ 3 ಮೀಟರ್ ಎತ್ತರದಲ್ಲಿ ಹಾರುವ ಬೆಳ್ಳಕ್ಕಿ 4 ಮೀಟರ್ ಮೇಲಿರುವಂತೆ ತೋರುತ್ತದೆ, ಅಷ್ಟೆ. ದಿಗಂತದಿಂದ 10 ಡಿಗ್ರಿಯವರೆಗಿನ ತೆಂಗು, ಸೇತುವೆ, ಜನರೆಲ್ಲ ಮಾತ್ರ ತಟ್ಟೆಯಂಚಿನ ಒಂದೇ ಡಿಗ್ರಿಯಲ್ಲಿ ಒತ್ತರಿಸಿಕೊಂಡು ನಿಲ್ಲಬೇಕು. ಅಂಚಿನಾಚೆ ಆಕಾಶವೇ ಇಲ್ಲ. ಅಲ್ಲಿ ನೀರಿನ ಮೇಲ್ಮೈ ಕನ್ನಡಿಯಾಗಿ, ಹೊಳೆಯ ತಳದ ಮರಳು ತಲೆಕೆಳಗಾಗಿ ತೂಗುತ್ತದೆ.

ಮನುಷ್ಯರ ಕಣ್ಣಿಗೆ ಇದೆಲ್ಲ ಮಸುಕು, ನಿಜ. ನೀರು ತಾಕಿದೊಡನೆ ಕಾರ್ನಿಯಾದ ಬಾಗಿಸುವ ಶಕ್ತಿ ಹೆಚ್ಚುಕಡಿಮೆ ಹೋಗಿಬಿಡುತ್ತದೆ. ಹಾಗೆಂದು ಈಜು ಕನ್ನಡಕ ಹಾಕಿ ನೇರ ಮೇಲೆ ನೋಡಿದರೆ, ಚಪ್ಪಟೆ ಗಾಜು ದಾಟಿ ಗಾಳಿಗೆ ಬರುವ ಬೆಳಕು ಮತ್ತೆ ಬಾಗಿ, ಮುದುಡಿದ್ದನ್ನೆಲ್ಲ ಬಿಡಿಸಿಬಿಡುತ್ತದೆ. ಮಸುಕಾದರೂ ಬರಿಗಣ್ಣೇ ವಾಸಿ. ಮೀನಿನ ಗುಂಡು ಮಸೂರಕ್ಕೆ ಈ ತಾಪತ್ರಯವಿಲ್ಲ. ಅದರ ನೋಟ ಹೇಗಿರಬಹುದೆಂದು ಹಂಬಲಿಸಿದ ಅಮೆರಿಕದ ಭೌತವಿಜ್ಞಾನಿ ರಾಬರ್ಟ್ ವುಡ್, ಕ್ಯಾಮೆರಾದೊಳಗೆ ನೀರು ತುಂಬಿಸಿ ಚಿತ್ರ ತೆಗೆದು 1906ರಲ್ಲಿ ಪ್ರಕಟಿಸಿದರು. ಎಂಥ ಚೆಂದದ ಹಟ!

ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದಲ್ಲಿ 1989ರಿಂದ ಕುಂಭಮೇಳ ನಡೆಯುತ್ತಿದೆ. ಮಾಘದ ಚಳಿಯಲ್ಲಿ ಮೀಯುವವರ ಎದುರು ಸೂರ್ಯ ಆಗಷ್ಟೇ ಮೂಡುತ್ತಿದ್ದರೆ, ತಿಳಿನೀರಿನೊಳಗಿನ ಮೀನಿನ ಪಾಲಿಗೆ ಅವನು ಆಗಲೇ 41 ಡಿಗ್ರಿ ಮೇಲೇರಿರುತ್ತಾನೆ. ಅಷ್ಟು ಓರೆಯಾಗಿ ಬಂದ ಬೆಳಕಿನ ಬಹುಪಾಲು ನೀರಿನ ಮೇಲೇ ಪ್ರತಿಫಲಿಸಿ ಹೋಗುವುದರಿಂದ ಮಂಕಾಗಿರುತ್ತಾನೆ, ಅಷ್ಟೆ.

ದಡದಲ್ಲಿ ಗಾಳ ಹಾಕಿ ಕೂತವರಿಗೂ ಈ ಲೆಕ್ಕ ಅನ್ವಯಿಸುತ್ತದೆ. ನೀರಿನಿಂದ ಸ್ವಲ್ಪ ಹಿಂದೆ ಸರಿದು ಕುಕ್ಕರುಗಾಲಲ್ಲಿ ಕೂತರೆ, ಇಡೀ ಮನುಷ್ಯ ಆ ಅಂಚಿನ ಗೆರೆಯಲ್ಲಿ ಕರಗಿಹೋಗುತ್ತಾನೆ. ನೀರಂಚಿಗೆ ಬಂದು ಎದ್ದು ನಿಂತನೋ, ತಟ್ಟೆಯ ಒಳಕ್ಕೆ ತಲೆ, ಭುಜ, ಗಾಳದ ಕೋಲು ಒಂದೊಂದಾಗಿ ಇಣುಕುತ್ತವೆ.