ಸೋಮವಾರ ಬೆಳಗಿನ ಆಸ್ಕರ್

ಲಾಸ್ ಏಂಜಲೀಸ್‌ನವರಿಗೆ ಆಸ್ಕರ್ ಎಂದರೆ ಭಾನುವಾರದ ಸಂಜೆ. ನಮಗೆ ಅದು ಸೋಮವಾರದ ಬೆಳಗು. ಅಲ್ಲಿ ತಾರೆಯರು ಕೆಂಪು ಹಾಸಿನ ಮೇಲೆ ನಡೆದು ಒಳಗೆ ಹೋಗುವ ಹೊತ್ತಿಗೆ ಮೈಸೂರಿನ ನಮ್ಮ ಬೀದಿಗೆ ಹಾಲಿನವನು ಬಂದಿರುತ್ತಿದ್ದ, ಅಮ್ಮ ಬಾಗಿಲಿಗೆ ನೀರು ಹಾಕಿ ರಂಗೋಲಿ ಬಿಡುತ್ತಿದ್ದರು. ಆಗ ಏಳರ ಸುಮಾರಿಗೆ ಸಮಾರಂಭ ಶುರುವಾಗುತ್ತಿತ್ತು. ಹತ್ತಕ್ಕೆ ನಾನು ಕೆಲಸದಲ್ಲಿರಬೇಕಿತ್ತು. ಅತ್ಯುತ್ತಮ ಚಿತ್ರ ಯಾವುದೆಂದು ಅವರು ಹೇಳುತ್ತಿದ್ದದ್ದು ಹತ್ತೂವರೆಯ ಮೇಲೆ. ಹಾಗಾಗಿ ವರ್ಷಗಟ್ಟಲೆ ನನ್ನ ಪಾಲಿಗೆ ಸಿಕ್ಕಿದ್ದು ಸಮಾರಂಭದ ಮೊದಲ ಭಾಗ: ವಸ್ತ್ರವಿನ್ಯಾಸ, ಪ್ರಸಾಧನ, ಧ್ವನಿ, ಕಿರುಚಿತ್ರ. ಹೆಸರೇ ಕೇಳಿರದ ಜನ ಮೆಟ್ಟಿಲು ಹತ್ತಿ ಬಂದು, ಜೇಬಿನಿಂದ ಚೀಟಿ ತೆಗೆದು, ನಡುಗುವ ದನಿಯಲ್ಲಿ ಹೆಂಡತಿಯನ್ನೋ ಗುರುವನ್ನೋ ನೆನೆದು ಇಳಿದು ಹೋಗುತ್ತಿದ್ದರು. ಆಸ್ಕರ್‌ನ ಸಾರವೆಲ್ಲ ಅಲ್ಲೇ ಇದೆ ಎಂದು ನನಗೆ ಆಗಲೂ ಅನ್ನಿಸುತ್ತಿತ್ತು, ಈಗಲೂ ಅನ್ನಿಸುತ್ತದೆ. ಟಿವಿಯವರು ಬರಬರುತ್ತ ಕತ್ತರಿ ಆಡಿಸಿದ್ದೂ ಅಲ್ಲೇ.

ಕೇಬಲ್ ಬರುವ ಮುಂಚೆ ಆಸ್ಕರ್ ನಮಗೆ ಪತ್ರಿಕೆಯ ಸುದ್ದಿ, ಅಷ್ಟೆ. 1983ರಲ್ಲಿ ‘ಗಾಂಧಿ’ ಚಿತ್ರದ ಉಡುಗೆಗಳಿಗಾಗಿ ಭಾನು ಅಥೈಯಾ, ಜಾನ್ ಮೊಲ್ಲೊ ಅವರ ಜೊತೆ ಪ್ರಶಸ್ತಿ ಪಡೆದರು. ಭಾರತಕ್ಕೆ ಬಂದ ಮೊದಲ ಆಸ್ಕರ್ ಅದು. ಕೊನೆಗಾಲದಲ್ಲಿ ಆ ಪ್ರತಿಮೆ ಸುರಕ್ಷಿತವಾಗಿರಲೆಂದು ಅವರು ಅದನ್ನು ಅಕಾಡೆಮಿಗೇ ಮರಳಿಸಿದರು. 1992ರ ಮಾರ್ಚ್ ಕೊನೆಯಲ್ಲಿ ಸತ್ಯಜಿತ್ ರೇ ಅವರಿಗೆ ಗೌರವ ಆಸ್ಕರ್ ಸಂದಿತು. ಅದರ ತುಣುಕೊಂದನ್ನು ನಾನು ಟಿವಿಯಲ್ಲಿ ಕಂಡೆ. ಅಲ್ಲಿ ವೇದಿಕೆಯಲ್ಲಿ ಆಡ್ರೆ ಹೆಪ್‌ಬರ್ನ್, ಇಲ್ಲಿ ಕಲ್ಕತ್ತೆಯ ಆಸ್ಪತ್ರೆಯ ಹಾಸಿಗೆಯಲ್ಲಿ ಪ್ರತಿಮೆ ಹಿಡಿದು ಮಲಗಿದ್ದ ರೇ. ಅಷ್ಟು ಎತ್ತರದ ಮನುಷ್ಯ ಕೃಶವಾಗಿ ಹೋಗಿದ್ದರು, ದನಿ ಮಾತ್ರ ತಗ್ಗಿರಲಿಲ್ಲ. ಹುಡುಗನಾಗಿದ್ದಾಗ ಹಾಲಿವುಡ್ ನಟಿಯರಿಗೆ ಕಾಗದ ಬರೆದದ್ದು, ಡಿಯಾನ ಡರ್ಬಿನ್ ಉತ್ತರ ಕೊಟ್ಟದ್ದು, ಜಿಂಜರ್ ರಾಜರ್ಸ್ ಕೊಡದೆ ಹೋದದ್ದು, ಬಿಲ್ಲಿ ವೈಲ್ಡರ್‌ಗೆ ಹನ್ನೆರಡು ಪುಟದ ಪತ್ರ ಬರೆದದ್ದು, ಎಲ್ಲವನ್ನೂ ಹೇಳಿದರು. ಸಾವಿನ ಹೊಸ್ತಿಲಲ್ಲಿದ್ದ ದೊಡ್ಡ ನಿರ್ದೇಶಕರೊಬ್ಬರು ಸಿನಿಮಾ ಹುಚ್ಚಿನ ಹುಡುಗನಂತೆ ಮಾತಾಡುವುದನ್ನು ಕೇಳಿ ನನ್ನ ಗಂಟಲು ಕಟ್ಟಿತ್ತು. ಏಪ್ರಿಲ್ 23ರಂದು ಅವರು ತೀರಿಕೊಂಡರು.

ಆಮೇಲೆ ಬೀದಿಯ ಕಂಬದಿಂದ ಕಂಬಕ್ಕೆ ಕರಿ ವೈರು ಎಳೆಯುತ್ತ ಕೇಬಲ್‌ನವರು ಬಂದರು. ‘ಟೈಟಾನಿಕ್’ ಹನ್ನೊಂದು ಪ್ರಶಸ್ತಿ ಬಾಚಿದ 1998ರ ಸಮಾರಂಭವನ್ನು ನೋಡಿದ್ದು ಪಕ್ಕದ ಮನೆಯಲ್ಲಿ. ಆ ವರ್ಷದವರೆಗೂ ಸಮಾರಂಭ ಅಲ್ಲಿ ಸೋಮವಾರ, ಇಲ್ಲಿ ಮಂಗಳವಾರ. ಅಮೆರಿಕದಲ್ಲೇ ಅಂದು ಐದೂವರೆ ಕೋಟಿಗೂ ಹೆಚ್ಚು ಜನ ನೋಡಿದರಂತೆ. ಮರುವರ್ಷ ಸಮಾರಂಭ ಭಾನುವಾರಕ್ಕೆ ಬಂತು, ಅಷ್ಟರಲ್ಲಿ ನಮ್ಮ ಮನೆಗೂ ಕೇಬಲ್ ಬಂದಿತ್ತು. ಇಟಲಿಯ ‘ಲೈಫ್ ಈಸ್ ಬ್ಯೂಟಿಫುಲ್’ ಗೆದ್ದಾಗ ಸೋಫಿಯಾ ಲಾರೆನ್ ಲಕೋಟೆ ಎತ್ತಿ ಹಿಡಿದು “ರಾಬರ್ಟೋ!” ಎಂದು ಕೂಗಿದರು. ರಾಬರ್ಟೋ ಬೆನಿನಿ ಕುರ್ಚಿಗಳ ಬೆನ್ನ ಮೇಲೆ ಕಾಲಿಟ್ಟು ನಿಂತೇಬಿಟ್ಟರು. ಒಗ್ಗರಣೆಯ ಸೌಟು ಹಿಡಿದೇ ಬಂದ ಅಮ್ಮ, “ಅಯ್ಯೋ, ಬೀಳ್ತಾನಲ್ಲೋ! ಯಾರಾದ್ರೂ ಹಿಡ್ಕೊಳ್ಳಬಾರದಾ?” ಎಂದು ಗಾಬರಿಯಾದರು. ಅಲ್ಲಿಂದಾಚೆ ಅಮ್ಮನೂ ಸೋಮವಾರದ ಪ್ರೇಕ್ಷಕಿಯಾದರು. ಇಂಗ್ಲಿಷ್ ಅವರಿಗೆ ಬರುತ್ತಿರಲಿಲ್ಲ. ಯಾರ ಅಳು ನಿಜ, ಯಾರದು ತೋರಿಕೆ ಎಂಬುದು ಚೆನ್ನಾಗಿ ತಿಳಿಯುತ್ತಿತ್ತು.

2002ರ ಮಾರ್ಚ್ 25ರಂದು ರಜೆ ಹಾಕಿದ್ದೆ. ‘ಮದರ್ ಇಂಡಿಯಾ’, ‘ಸಲಾಮ್ ಬಾಂಬೆ’ ಆದ ಮೇಲೆ ವಿದೇಶಿ ಭಾಷಾ ವಿಭಾಗದ ಕೊನೆಯ ಐದರಲ್ಲಿ ನಿಂತದ್ದು ‘ಲಗಾನ್’. ಕ್ಯಾಮೆರಾ ಆಮಿರ್ ಖಾನ್, ಅಶುತೋಷ್ ಗೋವಾರಿಕರ್ ಕಡೆ ತಿರುಗಬಹುದೆಂದು ಕಣ್ಣು ಮಿಟುಕಿಸದೆ ಕೂತಿದ್ದೆವು. ಬೋಸ್ನಿಯಾದ ‘ನೋ ಮ್ಯಾನ್ಸ್ ಲ್ಯಾಂಡ್’ ಗೆದ್ದಿತು. ಮನೆಯಲ್ಲಿ ಯಾರೂ ಮಾತಾಡಲಿಲ್ಲ. “ಅದೂ ಚೆನ್ನಾಗೇ ಇರಬೇಕು ಬಿಡೋ,” ಎಂದು ಅಮ್ಮ ಒಳಗೆ ಹೋದರು. ಮುಂದೆ ಅದನ್ನು ನೋಡಿದೆ. ಎರಡು ಸೇನೆಗಳ ನಡುವಿನ ಕಂದಕದಲ್ಲಿ ಸಿಕ್ಕಿಬಿದ್ದ ಸೈನಿಕರ ಆ ಕಥೆ ಗೆಲ್ಲಲೇಬೇಕಿತ್ತು. ಅವತ್ತಿನ ದೊಡ್ಡ ಗಳಿಗೆ ಬೇರೆಯದು. ಸಿಡ್ನಿ ಪಾಯ್ಟಿಯರ್ ಅವರಿಗೆ ಗೌರವ ಪ್ರಶಸ್ತಿ. ಅದೇ ವೇದಿಕೆಯಲ್ಲಿ ಹ್ಯಾಲಿ ಬೆರಿ ಅತ್ಯುತ್ತಮ ನಟಿಯಾದ ಮೊದಲ ಕಪ್ಪು ಮಹಿಳೆ. ಅತ್ಯುತ್ತಮ ನಟ ಡೆಂಜಲ್ ವಾಷಿಂಗ್ಟನ್. ಹ್ಯಾಲಿ ಬೆರಿ ಬಿಕ್ಕಿ ಬಿಕ್ಕಿ ಅಳುತ್ತ ಹಿಂದಿನ ನಟಿಯರ ಹೆಸರುಗಳನ್ನು ಹೇಳಿದರು. ಅಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು. ಸಮಾರಂಭ ಮುಗಿದಾಗ ಹನ್ನೊಂದೂ ಕಾಲು ದಾಟಿತ್ತು. ಉದ್ದವಾಯಿತೆಂದು ಆಕ್ಷೇಪಿಸಿದವರು ಆ ಅಳುವಿನಲ್ಲಿ ಎಷ್ಟು ನಿಮಿಷ ಕಡಿಮೆ ಮಾಡಿಸುತ್ತಿದ್ದರೋ ತಿಳಿಯದು.

2009ರ ಆ ಬೆಳಗನ್ನು ಯಾರು ಮರೆತಾರು? ‘ಸ್ಲಮ್‌ಡಾಗ್ ಮಿಲಿಯನೇರ್’ಗೆ ಎಂಟು ಪ್ರಶಸ್ತಿ. ಎ.ಆರ್. ರೆಹಮಾನ್ ಎರಡು ಪ್ರತಿಮೆ ಪಡೆದು ತಮಿಳಿನಲ್ಲಿ ದೇವರನ್ನು ನೆನೆದಾಗ ಬೆಂಗಳೂರು, ಮೈಸೂರಿನ ಮನೆಗಳಲ್ಲಿ ಕೂತವರಿಗೂ ನಮ್ಮ ದಕ್ಷಿಣದ ಮಾತು ಆ ಸಭಾಂಗಣದಲ್ಲಿ ಮೊಳಗಿತೆಂಬ ಹಿಗ್ಗು. ನನ್ನನ್ನು ಅದಕ್ಕಿಂತ ಹೆಚ್ಚು ಅಲುಗಿಸಿದ್ದು ರಸೂಲ್ ಪೂಕುಟ್ಟಿ. ಧ್ವನಿ ಮಿಶ್ರಣದ ಪ್ರಶಸ್ತಿಗೆ ಇಬ್ಬರು ಸಹೋದ್ಯೋಗಿಗಳ ಜೊತೆ ಅವರ ಹೆಸರನ್ನು ಓದಿದವರು ವಿಲ್ ಸ್ಮಿತ್. ಪುಣೆಯ ಫಿಲ್ಮ್ ಇನ್‌ಸ್ಟಿಟ್ಯೂಟಿನಲ್ಲಿ ಓದಿದ ಕೇರಳದ ಈ ಮನುಷ್ಯ ಉಸಿರು ಬಿಗಿಹಿಡಿದು, ಓಂಕಾರದ ಹಿಂದೆಯೂ ಮುಂದೆಯೂ ಇರುವ ಮೌನದ ಬಗ್ಗೆ ಹೇಳಿದರು. ಶಬ್ದವನ್ನೇ ಕಸುಬಾಗಿ ಮಾಡಿಕೊಂಡವರು ಮೌನದ ಮಾತಾಡಿದ್ದು! ನಮ್ಮ ಸಿನಿಮಾಗಳಲ್ಲಿ ಶಬ್ದಗ್ರಾಹಕನನ್ನು ಯಾರೂ ಗಮನಿಸುವುದಿಲ್ಲ. ಸ್ಥಳದಲ್ಲಿ ಹಿಡಿದ ದನಿಯನ್ನು ಬಿಸಾಡಿ ಸ್ಟುಡಿಯೊದಲ್ಲಿ ಡಬ್ ಮಾಡುವ ರೂಢಿ ದಶಕಗಳ ಕಾಲ ನಡೆಯಿತು. ಅಂಥ ಕಡೆಯಿಂದ ಬಂದವರೊಬ್ಬರು ಜಗತ್ತಿನೆದುರು ಆ ಕೆಲಸಕ್ಕೆ ಮಾತು ಕೊಟ್ಟರು. ಅದೇ ಸಮಾರಂಭದಲ್ಲಿ ಉತ್ತರಪ್ರದೇಶದ ಸೀಳುತುಟಿಯ ಪುಟ್ಟ ಹುಡುಗಿಯ ಕಥೆ ‘ಸ್ಮೈಲ್ ಪಿಂಕಿ’ ಕಿರು ಸಾಕ್ಷ್ಯಚಿತ್ರ ವಿಭಾಗದಲ್ಲಿ ಗೆದ್ದಿತು.

ಭಾರತಕ್ಕೆ ಸಂಬಂಧಪಟ್ಟ ಗೆಲುವುಗಳನ್ನು ಒಂದೆಡೆ ಇಟ್ಟು ನೋಡಿ: ಉಡುಗೆ, ಧ್ವನಿ, ಹಾಡು, ಸಂಗೀತ, ಕಿರು ಸಾಕ್ಷ್ಯಚಿತ್ರ, ರೇ ಅವರ ಗೌರವ ಪ್ರಶಸ್ತಿ. ನಟನೆಗಾಗಲಿ ನಿರ್ದೇಶನಕ್ಕಾಗಲಿ ನಮ್ಮವರು ಯಾರೂ ಗೆದ್ದಿಲ್ಲ. ನಮ್ಮ ಪಾಲು ಬಂದದ್ದೆಲ್ಲ ‘ಸಣ್ಣ’ ವಿಭಾಗಗಳಿಂದ. ಅವೇ ಕ್ರಮೇಣ ಪಕ್ಕಕ್ಕೆ ಸರಿದವು. 2009ರ ನವೆಂಬರ್‌ನಿಂದ ಗೌರವ ಪ್ರಶಸ್ತಿಗಳು ನೇರ ಪ್ರಸಾರವಿಲ್ಲದ ಬೇರೊಂದು ಸಮಾರಂಭಕ್ಕೆ ಹೋದವು. ರೇ ಅವರಂಥವರ ಮಾತು ಈಗ ಮುಖ್ಯ ವೇದಿಕೆಯಿಂದ ಕೇಳಿಬರುವುದಿಲ್ಲ. ಧ್ವನಿಗಿದ್ದ ಎರಡು ಪ್ರಶಸ್ತಿಗಳು 2021ರಲ್ಲಿ ಒಂದಾದವು. ಪೂಕುಟ್ಟಿ ಗೆದ್ದ ವಿಭಾಗ ಪ್ರತ್ಯೇಕವಾಗಿ ಉಳಿದಿಲ್ಲ. 2022ರಲ್ಲಂತೂ ಸಂಕಲನ, ಧ್ವನಿ, ಹಿನ್ನೆಲೆ ಸಂಗೀತ, ಕಿರುಚಿತ್ರಗಳೂ ಸೇರಿ ಎಂಟು ವಿಭಾಗಗಳ ಪ್ರಶಸ್ತಿಯನ್ನು ಪ್ರಸಾರಕ್ಕೆ ಮುಂಚೆಯೇ ಕೊಟ್ಟು, ಆ ಭಾಗಗಳನ್ನು ಕತ್ತರಿಸಿ ನಡುನಡುವೆ ತೋರಿಸಿದರು. ಆ ಕತ್ತರಿಸಿದ ಮಾತುಗಳನ್ನು ನೋಡುತ್ತ ನನಗೆ ಸಿಟ್ಟು ಬಂದಿತ್ತು. ಅಗಲಿದವರ ಸ್ಮರಣೆಯಲ್ಲಿ ಲತಾ ಮಂಗೇಶ್ಕರ್ ಇಲ್ಲ, ದಿಲೀಪ್ ಕುಮಾರ್ ಇಲ್ಲ. ಉಳಿಸಿದ ಸಮಯಕ್ಕೆ ಸಿಕ್ಕ ಪ್ರತಿಫಲವೆಂದರೆ ವಿಲ್ ಸ್ಮಿತ್ ವೇದಿಕೆ ಹತ್ತಿ ಕ್ರಿಸ್ ರಾಕ್ ಕೆನ್ನೆಗೆ ಹೊಡೆದದ್ದು. ಮರುದಿನ ಎಲ್ಲರ ಫೋನಿನಲ್ಲೂ ಅದೊಂದೇ.

ಮರುವರ್ಷ ಎಲ್ಲ ವಿಭಾಗಗಳೂ ನೇರ ಪ್ರಸಾರಕ್ಕೆ ಮರಳಿದವು. 2023ರ ಮಾರ್ಚ್ 13, ಬೆಳಗಿನ ಐದೂವರೆ, ಕೈಯಲ್ಲಿ ಕಾಫಿ. ನಮ್ಮ ಬೆಂಗಳೂರಿನ ಹುಡುಗಿ, ಪ್ರಕಾಶ್ ಪಡುಕೋಣೆಯವರ ಮಗಳು ದೀಪಿಕಾ ‘ನಾಟು ನಾಟು’ ಹಾಡನ್ನು ಪರಿಚಯಿಸಲು ನಿಂತರೆ, ಸಭೆಯ ಕೇಕೆಯಿಂದ ಮಾತು ಮುಂದುವರಿಸಲಾಗದೆ ಮತ್ತೆ ಮತ್ತೆ ತಡೆಯಬೇಕಾಯಿತು. ಹಾಡು ಗೆದ್ದಿತು, ಕೀರವಾಣಿ ಕೃತಜ್ಞತೆಯನ್ನೂ ಹಾಡಿಯೇ ಹೇಳಿದರು. ಅದಕ್ಕೂ ಮೊದಲು ‘ದಿ ಎಲಿಫೆಂಟ್ ವಿಸ್ಪರರ್ಸ್’ ಗೆದ್ದಾಗ ನಾನು ಕುರ್ಚಿಯಿಂದ ಎದ್ದು ನಿಂತಿದ್ದೆ. ಮೈಸೂರಿನವರಿಗೆ ತೆಪ್ಪಕಾಡು ದೂರದ ಊರಲ್ಲ. ಗುಂಡ್ಲುಪೇಟೆ, ಬಂಡೀಪುರ ದಾಟಿ ಊಟಿಗೆ ಹೋಗುವ ದಾರಿಯಲ್ಲೇ ಆ ಆನೆ ಶಿಬಿರ ಸಿಗುತ್ತದೆ. ಅಲ್ಲಿ ರಘು, ಅಮ್ಮು ಎಂಬ ಅನಾಥ ಮರಿಗಳನ್ನು ಸಾಕಿದ ಬೊಮ್ಮನ್, ಬೆಳ್ಳಿಯವರ ಬದುಕು ಆ ವೇದಿಕೆಯವರೆಗೆ ತಲುಪಿತ್ತು. ನಿರ್ದೇಶಕಿ ಕಾರ್ತಿಕಿ ಗೊನ್ಸಾಲ್ವಿಸ್ ಮಾತು ಮುಗಿಸಿದರು. ನಿರ್ಮಾಪಕಿ ಗುನೀತ್ ಮೊಂಗಾ ಬಾಯಿ ತೆರೆಯುವಷ್ಟರಲ್ಲಿ ವಾದ್ಯವೃಂದ ಶುರುವಾಯಿತು. ನಿಯಮ 45 ಸೆಕೆಂಡು, ನಿಜ. ಆದರೆ ಜಾಹೀರಾತಿಗೆ, ನಿರೂಪಕರ ತಮಾಷೆಗೆ ಧಾರಾಳವಾಗಿ ಸಿಗುವ ನಿಮಿಷಗಳಲ್ಲಿ ಒಂದೂ ಆಕೆಗೆ ಸಿಗಬಾರದಿತ್ತೆ?

ಇನ್ನೊಂದು ನೋವನ್ನು ಹೇಳಲೇಬೇಕು. ಭಾರತದ ಅಧಿಕೃತ ಪ್ರವೇಶವಾಗಿ ಕನ್ನಡದ ಒಂದು ಚಿತ್ರವೂ ಇಂದಿನವರೆಗೆ ಆಸ್ಕರ್‌ಗೆ ಹೋಗಿಲ್ಲ. ‘ಸಂಸ್ಕಾರ’, ‘ಚೋಮನ ದುಡಿ’, ‘ಘಟಶ್ರಾದ್ಧ’, ‘ತಬರನ ಕಥೆ’, ‘ತಾಯಿ ಸಾಹೇಬ’, ‘ದ್ವೀಪ’ ಈ ಆರಕ್ಕೂ ಸ್ವರ್ಣಕಮಲ ಸಂದಿದೆ. ಸ್ಕಾರ್ಸೆಸಿಯವರ ವರ್ಲ್ಡ್ ಸಿನಿಮಾ ಪ್ರಾಜೆಕ್ಟ್ ಕೈಜೋಡಿಸಿದ್ದರಿಂದ ‘ಘಟಶ್ರಾದ್ಧ’ ಹೊಸ ಜೀವ ಪಡೆದು 2024ರಲ್ಲಿ ವೆನಿಸ್‌ನಲ್ಲಿ ಪ್ರದರ್ಶನವಾಯಿತು. ಅದೇ ವರ್ಷ ಚಿದಾನಂದ ನಾಯ್ಕ ಅವರ ಕನ್ನಡ ಕಿರುಚಿತ್ರ ಕಾನ್ ಉತ್ಸವದ ವಿದ್ಯಾರ್ಥಿ ವಿಭಾಗದಲ್ಲಿ ಮೊದಲ ಬಹುಮಾನ ಗೆದ್ದಿತು. ನಮ್ಮಲ್ಲಿ ಯೋಗ್ಯತೆಗೆ ಕೊರತೆಯಿಲ್ಲ.

ಈಗ ಯಾರೂ ಟಿವಿಯ ಮುಂದೆ ಮೂರೂವರೆ ಗಂಟೆ ಕೂರುವುದಿಲ್ಲ. ನಮ್ಮ ಮನೆಯ ಮಕ್ಕಳು ಬಸ್ಸಿನಲ್ಲಿ ಹೋಗುತ್ತ ಫೋನಿನಲ್ಲಿ ಎರಡು ತುಣುಕು ನೋಡುತ್ತಾರೆ. ಮದುವೆಗೆ ಹೋಗಿ ಪಂಕ್ತಿಯಲ್ಲಿ ಕೂತು ಎದ್ದು ಬಂದಂತೆ. ಅಮೆರಿಕದಲ್ಲೂ 2021ರಲ್ಲಿ ಪ್ರೇಕ್ಷಕರು ಸುಮಾರು ಒಂದು ಕೋಟಿಗೆ ಇಳಿದಿದ್ದರು. 2029ರಿಂದ ಸಮಾರಂಭ ಅಲ್ಲಿನ ಎಬಿಸಿ ವಾಹಿನಿಯನ್ನು ಬಿಟ್ಟು ಯೂಟ್ಯೂಬಿಗೆ ಹೋಗಲಿದೆ. ಟಿವಿಯ ಗಡಿಯಾರದ ಹಂಗು ತಪ್ಪಿದ ಮೇಲಾದರೂ ಧ್ವನಿಯವರಿಗೆ, ಉಡುಗೆಯವರಿಗೆ, ಸಾಕ್ಷ್ಯಚಿತ್ರದವರಿಗೆ ಮಾತು ಮುಗಿಸುವಷ್ಟು ಸಮಯ ಸಿಗಲಿ.

ನಮ್ಮ ಕನ್ನಡ ವಾಹಿನಿಗಳಲ್ಲೂ ನನ್ನದೊಂದು ಕೋರಿಕೆ. ನಿಮ್ಮ ಪ್ರಶಸ್ತಿ ಸಮಾರಂಭಗಳಲ್ಲಿ ನಾಯಕರ ಕುಣಿತಕ್ಕೆ ಎಷ್ಟು ಹೊತ್ತಾದರೂ ಕೊಡಿ. ಸಂಕಲನಕಾರ, ಶಬ್ದಗ್ರಾಹಕ, ವಸ್ತ್ರವಿನ್ಯಾಸಕಿ ವೇದಿಕೆಗೆ ಬಂದಾಗ ಮಾತ್ರ ಅವರ ಕೈಗೆ ಮೈಕು ಕೊಟ್ಟು, ಆಡಿದ ಮಾತನ್ನು ಕತ್ತರಿಸದೆ ಪ್ರಸಾರ ಮಾಡಿ.