ಪ್ರಣಯವಿಲ್ಲದ ಕಥಾನಾಯಕಿ

ಕಳೆದ ರಜೆಯಲ್ಲಿ ಕಾಸರಗೋಡಿನ ನಮ್ಮ ಮನೆಗೆ ಬಂದಿದ್ದ ಸೋದರ ಸೊಸೆ ಇಂಗ್ಲಿಷ್ ಕಾದಂಬರಿಯೊಂದನ್ನು ಕೈಗಿತ್ತು, “ಮಾವಾ, ಇದನ್ನು ಓದಿದ ಮೇಲೆ ನನ್ನ ಜಾತಕದ ಮಾತೆತ್ತಿ” ಎಂದಳು. ಆಲಿಸ್ ಓಸ್‌ಮನ್ ಅವರ ‘ಲವ್‌ಲೆಸ್’, 2020ರಲ್ಲಿ ಪ್ರಕಟವಾದುದು. ತರುಣರ ಕಥೆಯೆಂದರೆ ಪ್ರಣಯವೇ ಎಂದು ಬಗೆದಿದ್ದ ನಾವು ಉದಾಸೀನದಿಂದಲೇ ಪುಟ ತಿರುವಿದೆವು.

ನಾಯಕಿ ಜಾರ್ಜಿಯಾಳಿಗೆ 18 ವರ್ಷ. ಪ್ರೇಮಕಥೆಗಳೆಂದರೆ ಪ್ರಾಣ, ಆದರೆ ಯಾರ ಮೇಲೂ ಅವಳಿಗೆ ಮನಸ್ಸಾಗದು. ಡರ್ಹ್ಯಾಮ್ ವಿಶ್ವವಿದ್ಯಾನಿಲಯಕ್ಕೆ ಸೇರಿದವಳು, ಹಳೆಯ ಗೆಳೆಯ ಜೇಸನ್‌ನನ್ನು ಹಟದಿಂದ ಪ್ರೀತಿಸಲೆತ್ನಿಸಿ, ಅವನನ್ನೂ ನೋಯಿಸಿ ತಾನೂ ನೋಯುತ್ತಾಳೆ. ತನ್ನಂಥವರಿಗೆ ‘ಏರೋಮ್ಯಾಂಟಿಕ್’, ‘ಏಸೆಕ್ಷುಯಲ್’ ಎಂಬ ಹೆಸರುಗಳುಂಟೆಂದು ತಿಳಿದಾಗಲೂ ಅವಳಿಗೆ ಒಡನೆಯೇ ಸಮಾಧಾನವಿಲ್ಲ. ಕಂಡ ಕನಸು ಕಳೆದುಹೋಯಿತಲ್ಲಾ ಎಂಬ ದುಃಖವೇ ಮೊದಲು. ಈ ಭಾಗವೇ ನಮಗೆ ಹೆಚ್ಚು ಹಿಡಿಸಿದ್ದು. ಕೊನೆಯಲ್ಲಿ ವರನೊಬ್ಬನನ್ನು ತಂದು ನಿಲ್ಲಿಸುವ ಉಪಾಯವೂ ಇಲ್ಲ. ಅವಳ ಪಾಲಿಗೆ ಗೆಳೆತನವೇ ತುಂಬಿದ ಬಾಳು. (2021ರ ‘ವೈಎ ಬುಕ್ ಪ್ರೈಜ್’ ಈ ಕೃತಿಗೆ ಸಂದಿತು.)

ಓದುತ್ತ ಓದುತ್ತ ನಮ್ಮ ಸಣ್ಣತ್ತೆ ನೆನಪಾದರು. ಬಂದ ಮೂರು ಸಂಬಂಧಗಳನ್ನೂ ಬೇಡವೆಂದವರು. ಯಾವನೋ ಕೈಕೊಟ್ಟಿರಬೇಕೆಂದು ಮನೆಮಂದಿ ಕಥೆ ಕಟ್ಟಿದರು, ನಾವೂ ನಂಬಿದೆವು. “ನನಗೆ ಯಾರೂ ಬೇಕೆನಿಸಲಿಲ್ಲ ಮಗಾ” ಎಂದು ಅವರು ಒಮ್ಮೆ ಬಾವಿಕಟ್ಟೆಯ ಬಳಿ ಹೇಳಿದ್ದನ್ನು ನಕ್ಕು ಮರೆತಿದ್ದೆವು. ಈಗ ಕೇಳೋಣವೆಂದರೆ ಅವರಿಲ್ಲ.

ಪುಸ್ತಕವನ್ನು ಮರಳಿ ಕೊಟ್ಟಾಗ ಸೊಸೆ ಏನನ್ನೂ ಕೇಳಲಿಲ್ಲ. ಜೋಯಿಸರಲ್ಲಿದ್ದ ಅವಳ ಜಾತಕವನ್ನು ತಂದು ಪೆಟ್ಟಿಗೆಯಲ್ಲಿರಿಸಿದ್ದೇವೆ. ಅವಳ ತಾಯಿಗೆ, ಎಂದರೆ ನಮ್ಮ ತಂಗಿಗೆ, ಇನ್ನೂ ನಮ್ಮ ಮೇಲಿನ ಮುನಿಸು ಇಳಿದಿಲ್ಲ.